64 ಅಡಿಯ ಕೊಳವೆ, 100 ಇಂಚಿನ ಗಾಳಿ: ಅಟ್ಲಾಂಟಿಕ್ ಸಿಟಿಯ ಪೈಪ್ ಆರ್ಗನ್ ನೋಡಲು ಹೋಗುವವರು ಏನು ನೋಡಬೇಕು, ಏನು ಕೇಳಬೇಕು?

ಎಡಿಸನ್_ನಂಜುಂಡ
ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ನಾವು ಆರು ಜನ ನ್ಯೂಜೆರ್ಸಿಯ ಎಡಿಸನ್‌ನಿಂದ ಅಟ್ಲಾಂಟಿಕ್ ಸಿಟಿಗೆ ಹೊರಟಿದ್ದೇವೆ. ಕ್ಯಾಸಿನೋಗಲ್ಲ, ಬೋರ್ಡ್‌ವಾಕ್ ಹಾಲ್‌ನಲ್ಲಿರುವ, ಸಾವಿರಾರು ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಪೈಪ್ ಆರ್ಗನ್‌ಗೆ. ಗುಂಪಿನಲ್ಲಿ ಇಬ್ಬರಿಗೆ ಹಾರ್ಮೋನಿಯಂ ಗೊತ್ತು, ಒಬ್ಬರು ಫ್ಯಾನು-ಪಂಪು ಎಂಜಿನಿಯರ್. ಮೂರು ಪ್ರಶ್ನೆ:
ಕುರ್ಚಿಯಲ್ಲಿ ಕೂತು ಕೇಳುವುದಷ್ಟೇ ಸಾಧ್ಯವೋ, ಒಳಗಿನ ಯಂತ್ರಗಳನ್ನೂ ತೋರಿಸುತ್ತಾರೋ?
ಪ್ರಪಂಚದಲ್ಲೇ ದೊಡ್ಡದು ಇದೋ, ಫಿಲಡೆಲ್ಫಿಯಾದ ವಾನಮೇಕರ್ ಆರ್ಗನ್ನೋ? ಒಂದೊಂದು ಕಡೆ ಒಂದೊಂದು ಹೇಳುತ್ತಾರೆ.
ಪೂರ್ತಿ ಕೆಲಸ ಮಾಡುತ್ತಿಲ್ಲ ಅಂತಾರಲ್ಲ, ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ?

ಸಾಲುಲೆಕ್ಕ
ಎರಡನೇ ಪ್ರಶ್ನೆಗೆ ಉತ್ತರ: ಕೊಳವೆ ಎಣಿಸಿದರೆ ಅಟ್ಲಾಂಟಿಕ್ ಸಿಟಿ, ಸಾಲು ಎಣಿಸಿದರೆ ಫಿಲಡೆಲ್ಫಿಯಾ.

ಕುಡ್ಲದ_ಕೊಳಲು
ಅದು ಹೇಗೆ ಮಾರಾಯ್ರೆ? ಸಾಲು ಹೆಚ್ಚಿದ್ದರೆ ಕೊಳವೆಯೂ ಹೆಚ್ಚಿರಬೇಕಲ್ಲ?

ಸಾಲುಲೆಕ್ಕ
ಇರಬೇಕಾಗಿಲ್ಲ. ಒಂದೇ ಬಗೆಯ ದನಿ ಕೊಡುವ, ಸ್ವರಕ್ಕೊಂದರಂತೆ ಜೋಡಿಸಿದ ಕೊಳವೆಗಳ ಗುಂಪಿಗೆ ರ್ಯಾಂಕ್, ಅಂದರೆ ಸಾಲು ಅನ್ನುತ್ತಾರೆ. ಫಿಲಡೆಲ್ಫಿಯಾದಲ್ಲಿ 464 ಸಾಲು, 28,750 ಕೊಳವೆ. ಅಟ್ಲಾಂಟಿಕ್ ಸಿಟಿಯಲ್ಲಿ 449 ಸಾಲು, ದಾಖಲೆಯ ಲೆಕ್ಕದಲ್ಲಿ 33,112 ಕೊಳವೆ. ಭಾಗಿಸಿ ನೋಡಿ: ಅಲ್ಲಿ ಸಾಲಿಗೆ ಸರಾಸರಿ 62, ಇಲ್ಲಿ 74 ಹತ್ತಿರ. ಕಾರಣ ಕೀಲಿಮಣೆಯಲ್ಲೇ ಇದೆ. ಸಾಮಾನ್ಯ ಆರ್ಗನ್ನಿನ ಕೀಲಿಮಣೆಗೆ 61 ಕೀಲಿ, ಐದು ಸ್ಥಾಯಿ. ಅಟ್ಲಾಂಟಿಕ್ ಸಿಟಿಯ ಏಳು ಕೀಲಿಮಣೆಗಳಲ್ಲಿ ಕೆಳಗಿನ ಎರಡಕ್ಕೆ 85 ಕೀಲಿ, ಅಂದರೆ ಏಳು ಸ್ಥಾಯಿ, ಮೂರನೆಯದಕ್ಕೆ 73, ಮಿಕ್ಕ ನಾಲ್ಕಕ್ಕೆ 61. ಕೀಲಿ ಹೆಚ್ಚಾದ ಹಾಗೆ ಸಾಲೂ ಉದ್ದವಾಗುತ್ತದೆ.

ಫಿಲ್ಲಿ_ಕನ್ನಡತಿ
ಲೆಕ್ಕ ಸರಿ. ಆದರೆ ಎಣಿಕೆಗಿಂತ ಮುಖ್ಯವಾದದ್ದು ಎಷ್ಟು ನುಡಿಯುತ್ತದೆ ಅನ್ನುವುದು. ವಾನಮೇಕರ್ ಆರ್ಗನ್ ದುರಸ್ತಿಯಾಗಿ ಬಹುಪಾಲು ನುಡಿಯುವ ಸ್ಥಿತಿಯಲ್ಲಿದೆ. ಅಟ್ಲಾಂಟಿಕ್ ಸಿಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈಗ ನುಡಿಯುತ್ತದೆ, ಉಳಿದದ್ದರ ಕೆಲಸ ನಡೆಯುತ್ತಿದೆ.

ಫಿಲಡೆಲ್ಫಿಯಾಕ್ಕೂ ಹೋಗುವುದಾದರೆ ಒಂದು ಎಚ್ಚರಿಕೆ. ಆ ಆರ್ಗನ್ ಇರುವುದು ಮಾರ್ಕೆಟ್ ಸ್ಟ್ರೀಟಿನ ಹಳೆಯ ವಾನಮೇಕರ್ ಅಂಗಡಿಯ ಕಟ್ಟಡದಲ್ಲಿ, ಸಿಟಿ ಹಾಲ್ ಪಕ್ಕ. ಅಲ್ಲಿದ್ದ ಮೇಸೀಸ್ ಅಂಗಡಿ 2025ರ ಮಾರ್ಚ್‌ನಲ್ಲಿ ಮುಚ್ಚಿತು. ಮೊದಲು ಸೀರೆ ಕೊಳ್ಳಲು ಹೋದವರ ಹಾಗೆ ಒಳಗೆ ನಡೆದು ಹೋಗಿ ಮಧ್ಯಾಹ್ನದ ಕಛೇರಿ ಕೇಳಬಹುದಿತ್ತು, ಈಗ ಹಾಗಿಲ್ಲ. ಯಾವ ದಿನ ಬಾಗಿಲು ತೆರೆದಿರುತ್ತದೆ ಅಂತ ಖಚಿತ ಮಾಡಿಕೊಳ್ಳದೆ ಕಾರು ಹತ್ತಬೇಡಿ.

ತಿದಿ_ಮತ್ತು_ಗಾಳಿ
ನಂಜುಂಡ ಅವರೇ, ಮೊದಲ ಪ್ರಶ್ನೆಗೆ ವಿವರವಾಗಿ ಬರೆಯುತ್ತೇನೆ. ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ನಿರಾಶರಾಗುವುದು ಒಂದೇ ಕಾರಣಕ್ಕೆ: ಹಾಲ್‌ನಲ್ಲಿ ನಿಂತರೆ ಕೊಳವೆಗಳೇ ಕಾಣುವುದಿಲ್ಲ. ಎಲ್ಲ ಗೋಡೆಯ ಜಾಲರಿಗಳ ಹಿಂದಿವೆ. ಒಟ್ಟು ಎಂಟು ಕೋಣೆ: ವೇದಿಕೆಯ ಎಡ-ಬಲಕ್ಕೆ ಎರಡು, ಅದರ ಮುಂದೆ ಎರಡು, ಹಾಲ್‌ನ ಮಧ್ಯಭಾಗದಲ್ಲಿ ಎರಡು, ಮೇಲೆ ಛಾವಣಿಯ ಹತ್ತಿರ ಎರಡು. ಕೆಳಗೆ ಕಾಣುವುದು ನುಡಿಸುವವರು ಕೂರುವ ಕನ್ಸೋಲ್ ಒಂದೇ. ಏಳು ಕೀಲಿಮಣೆ, ಸುತ್ತ ಕುದುರೆ ಲಾಳದ ಆಕಾರದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಸ್ಟಾಪ್ ಪಟ್ಟಿಗಳು. ಯಾವ ದನಿಯ ಕೊಳವೆಗಳು ನುಡಿಯಬೇಕು ಅಂತ ಆರಿಸುವುದು ಈ ಸ್ಟಾಪ್‌ಗಳಿಂದ.

ಅದಕ್ಕೇ, ಬರೀ ಕಛೇರಿಗೆ ಹೋಗಬೇಡಿ, ಒಳಗನ್ನು ತೋರಿಸುವ ಪ್ರವಾಸವನ್ನೂ ಸೇರಿಸಿಕೊಳ್ಳಿ. ಬೇಸಿಗೆಯಲ್ಲಿ ವಾರದ ದಿನಗಳ ಮಧ್ಯಾಹ್ನ ಸುಮಾರು ಅರ್ಧ ಗಂಟೆಯ ಉಚಿತ ಕಛೇರಿ ಇರುತ್ತದೆ. ಹಾಲ್ ಇವತ್ತಿಗೂ ದುಡಿಯುತ್ತಿರುವ ಕಟ್ಟಡ. ರಾಕ್ ಕಛೇರಿಗೋ ಕುಸ್ತಿಗೋ ವೇದಿಕೆ ಕಟ್ಟುವ ದಿನ ಆರ್ಗನ್ ಕಾರ್ಯಕ್ರಮ ರದ್ದಾಗುತ್ತದೆ. ಹಿಂದಿನ ದಿನ ಮತ್ತೆ ಕೇಳಿ. ಒಳಗೆ ಕರೆದೊಯ್ಯುವಾಗ ಹೀಗೆ ಕೇಳಿ: "ಗಾಳಿ ಊದುವ ಬ್ಲೋವರ್ ಕೋಣೆ ತೋರಿಸುತ್ತೀರಾ? ಎಡ ವೇದಿಕೆ ಕೋಣೆ, ಬಲ ವೇದಿಕೆ ಕೋಣೆ ಎರಡೂ ನೋಡಬಹುದಾ? ದುರಸ್ತಿ ಕಾರ್ಯಾಗಾರ?" ಕೇಳಿದವರಿಗೆ ಹೆಚ್ಚು ತೋರಿಸುತ್ತಾರೆ.

ಪೇಟಿ_ಧಾರವಾಡ
ಹಾರ್ಮೋನಿಯಂ ಗೊತ್ತಿದ್ದವರು ಅದಾರ ಅಂದ್ರಿ, ಹಂಗಾರ ಗಾಳಿ ಹಾದಿ ಹಿಡದು ಹೇಳಿದ್ರ ಛಲೋ ತಿಳೀತದ. ನಮ್ಮ ಪೇಟಿಯೊಳಗ ಎಡಗೈಲೆ ತಿದಿ ಒತ್ತತೀವಿ, ಗಾಳಿ ಒಳಗಿನ ಎರಡನೇ ತಿದಿ ತುಂಬ್ತದ, ಸ್ಪ್ರಿಂಗ್ ಅದನ್ನ ಒಂದೇ ಸಮ ಒತ್ತಿ ಹಿಡೀತದ, ಮನಿ (ಕೀಲಿ) ಒತ್ತಿದ ಕೂಡ್ಲೆ ಚರ್ಮದ ಮುಚ್ಚಳ ತೆರೀತದ, ರೀಡು ನುಡೀತದ. ಅಲ್ಲಿನೂ ಹಾದಿ ಇದ. ಕೈ ಜಾಗಾದಾಗ ಮೋಟಾರು, ಒಳ ತಿದಿ ಜಾಗಾದಾಗ ಕೋಣಿಯಷ್ಟು ದೊಡ್ಡ ರೆಗ್ಯುಲೇಟರು, ಅಷ್ಟ.

ತಿದಿ_ಮತ್ತು_ಗಾಳಿ
ಹಾದಿ ಒಂದೇ, ಸರಿಯಾಗಿ ಹೇಳಿದಿರಿ ಸರ್. ಆದರೆ ರೀಡು ಬೇರೆ. ಹಾರ್ಮೋನಿಯಂ ರೀಡು ತನ್ನ ಚೌಕಟ್ಟಿನ ಕಂಡಿಯೊಳಗೆ ಹಾದು ಆಚೀಚೆ ಅಲುಗುತ್ತದೆ, ಏನಕ್ಕೂ ತಗಲುವುದಿಲ್ಲ. ಆರ್ಗನ್ನಿನ ರೀಡು ಹಿತ್ತಾಳೆಯ ಬಾಗಿದ ನಾಲಗೆ. ಅರೆ ಸೀಳಿದ ಕೊಳವೆಯಂಥ ಷ್ಯಾಲಟ್ ಮೇಲೆ ಬಡಿದು ಬಡಿದು ಬಾಯಿ ಮುಚ್ಚಿ ತೆರೆಯುತ್ತದೆ. ಓಲಗದವರ ಕ್ಲಾರಿಯೋನೆಟ್ ಇದಕ್ಕೆ ಹತ್ತಿರ. ಇನ್ನು ಬಹುಪಾಲು ಕೊಳವೆಗಳಿಗೆ ರೀಡೇ ಇಲ್ಲ, ಅವು ಸೀಟಿಯ ಜಾತಿ. ಬಾಯಿಯಲ್ಲಿ ಗಾಳಿಯ ತೆಳು ಹಾಳೆ ಅಂಚಿಗೆ ಹೊಡೆದು ಒಳಗಿನ ಗಾಳಿಕಂಬವನ್ನು ಅಲುಗಿಸುತ್ತದೆ.

ಮೋಟಾರ್_ವೈಂಡರ್
ಫ್ಯಾನ್ ಎಂಜಿನಿಯರ್‌ಗೆ ಹೇಳಿ, ಬ್ಲೋವರ್ ಕೋಣೆಯಲ್ಲೇ ಅವರಿಗೆ ಅರ್ಧ ದಿನ ಬೇಕಾಗುತ್ತದೆ. ಮುಖ್ಯ ಸಂಗತಿಗಳು:

ಒಂದು ಫ್ಯಾನ್ ಚಕ್ರದಿಂದ ಬೇಕಾದಷ್ಟು ಒತ್ತಡ ಹುಟ್ಟುವುದಿಲ್ಲ. ಆದ್ದರಿಂದ ಒಂದೇ ದಂಡಕ್ಕೆ ಹಲವು ಚಕ್ರ ಕೂರಿಸಿ, ಮೊದಲನೆಯದರ ಗಾಳಿಯನ್ನು ಎರಡನೆಯದಕ್ಕೆ, ಅದರದನ್ನು ಮೂರನೆಯದಕ್ಕೆ ಕೊಡುತ್ತಾರೆ. ಹಂತ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ದೊಡ್ಡ ಮೋಟಾರುಗಳನ್ನು ಒಟ್ಟಿಗೆ ಚಾಲೂ ಮಾಡುವುದಿಲ್ಲ. ಶುರುವಿನಲ್ಲಿ ಅವು ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು, ಹಾಗಾಗಿ ಒಂದಾದ ಮೇಲೆ ಒಂದು. ಗಾಳಿ ಹೊರಹೋಗುವ ಬಾಗಿಲು ಮುಚ್ಚಿಟ್ಟು ಚಾಲೂ ಮಾಡಿದರೆ ಇನ್ನೂ ಹಗುರ. ಈ ಜಾತಿಯ ಫ್ಯಾನಿಗೆ ಗಾಳಿ ಹರಿಯದಿದ್ದಾಗಲೇ ಹೊರೆ ಕಡಿಮೆ. ಹೊಸಬರು ಇದನ್ನು ತಿರುಗುಮುರುಗಾಗಿ ತಿಳಿಯುತ್ತಾರೆ, ಬಾಯಿ ಕಟ್ಟಿದ ಫ್ಯಾನಿಗೆ ಶ್ರಮ ಜಾಸ್ತಿ ಅಂತ.

ಬ್ಲೋವರನ್ನು ಕೊಳವೆಗಳ ಪಕ್ಕದಲ್ಲೇ ಇಡದಿರುವುದು ಸದ್ದಿಗೆ ಹೆದರಿ ಮಾತ್ರವಲ್ಲ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಬಿಸಿ ಗಾಳಿ ಕೊಳವೆಗೆ ನುಗ್ಗಿದರೆ ಶ್ರುತಿ ಏರುತ್ತದೆ.

ಕುತೂಹಲಿ_ಕೋಲಾರ
100 ಇಂಚು ಅಂದ್ರೆ ಏನು ಸರ್? ಗಾಳಿಗೆ ಇಂಚು ಎಲ್ಲಿಂದ ಬಂತು?

ಮೋಟಾರ್_ವೈಂಡರ್
ಯು ಆಕಾರದ ಗಾಜಿನ ನಳಿಕೆಯಲ್ಲಿ ಅರ್ಧ ನೀರು ತುಂಬಿ, ಒಂದು ತುದಿಯನ್ನು ಕೊಳವೆಗಳು ನಿಂತಿರುವ ಗಾಳಿಪೆಟ್ಟಿಗೆಗೆ ಚುಚ್ಚಿ, ಇನ್ನೊಂದು ತೆರೆದಿಡಿ. ಎರಡು ಬದಿಯ ನೀರಿನ ಮಟ್ಟದ ಅಂತರವೇ ಒತ್ತಡ. ಸಾಮಾನ್ಯ ಚರ್ಚಿನ ಆರ್ಗನ್ನಿಗೆ 3-4 ಇಂಚು. ಅಟ್ಲಾಂಟಿಕ್ ಸಿಟಿಯ ಕೆಲವು ಸ್ಟಾಪ್‌ಗಳಿಗೆ 100 ಇಂಚು, ಅಂದರೆ ಎರಡೂವರೆ ಮೀಟರ್ ನೀರು. ಅಳೆಯುವ ನಳಿಕೆಯೇ ಆಳಿಗಿಂತ ಎತ್ತರವಿರಬೇಕು. ಕಿಲೋಪ್ಯಾಸ್ಕಲ್‌ನಲ್ಲಿ ಸುಮಾರು 25.

ತಿದಿ_ಮತ್ತು_ಗಾಳಿ
ಆ 100 ಇಂಚಿನ ಸ್ಟಾಪ್‌ಗಳಲ್ಲಿ ಹೆಸರಾದದ್ದು ಗ್ರ್ಯಾಂಡ್ ಆಫಿಕ್ಲೈಡ್. ಅಷ್ಟು ಒತ್ತಡದಲ್ಲಿ ಮಾಮೂಲಿ ನಾಲಗೆ ನುಡಿಯುವುದೇ ಇಲ್ಲ, ಷ್ಯಾಲಟ್‌ಗೆ ಅಂಟಿಕೊಂಡು ಸುಮ್ಮನಾಗುತ್ತದೆ. ನಾಲಗೆ ದಪ್ಪವಿರಬೇಕು, ಬಾಗು ಹೆಚ್ಚಿರಬೇಕು. ಕೊಳವೆಯ ಬುಡ ಪೆಟ್ಟಿಗೆಯಿಂದ ಮೇಲೇಳದಂತೆ ಬಿಗಿದು ಹಿಡಿದಿಡಬೇಕು. ಗಾಳಿಪೆಟ್ಟಿಗೆಯ ಮುಚ್ಚಳಕ್ಕೆ ಸಾಲುಸಾಲು ಬೋಲ್ಟು, ಗಾಳಿ ನಿಂತ ಮೇಲಲ್ಲದೆ ಒಂದನ್ನೂ ಸಡಿಲಿಸುವಂತಿಲ್ಲ. ಕೋಣೆಯೊಳಗೆ ಇದ್ದಾಗ ಈ ಸ್ಟಾಪ್ ನುಡಿಸುವುದಾದರೆ ಕಿವಿಮುಚ್ಚು ಕಡ್ಡಾಯ.

ಎಡಿಸನ್_ನಂಜುಂಡ
ಬೆರಗಾಗುತ್ತಿದೆ. ಹಾಗಾದರೆ 64 ಅಡಿ ಕೊಳವೆ? ಅದು ಪ್ರಪಂಚದಲ್ಲೇ ಒಂದೇ ಅಂತ ಎಲ್ಲೋ ಓದಿದೆ.

ಮಂದ್ರಸ್ಥಾಯಿ
ಒಂದೇ ಅಲ್ಲ, ಎರಡು. ಸಿಡ್ನಿ ಟೌನ್ ಹಾಲ್‌ನ ಆರ್ಗನ್ನಿನಲ್ಲೂ ಪೂರ್ತಿ ಉದ್ದದ 64 ಅಡಿ ಸ್ಟಾಪ್ ಇದೆ, ಹೆಸರು ಕಾಂಟ್ರಾ ಟ್ರಾಂಬೋನ್. ಲಂಡನ್ನಿನ ಹಿಲ್ ಅಂಡ್ ಸನ್ ಕಟ್ಟಿದ್ದು, 1890ರಲ್ಲಿ ಉದ್ಘಾಟನೆ. ಅದು ನಾಲಗೆಯ ಸ್ಟಾಪ್. ಅಟ್ಲಾಂಟಿಕ್ ಸಿಟಿಯದು ಡಯಾಫೋನ್, ನಾಲಗೆಯೇ ಇಲ್ಲ. ಸ್ಪ್ರಿಂಗಿಗೆ ಕಟ್ಟಿದ ಬಿಲ್ಲೆಯಂಥ ಕವಾಟ ಪಟಪಟ ತೆರೆದು ಮುಚ್ಚಿ ಗಾಳಿಯ ಏಟುಗಳನ್ನು ಕೊಳವೆಗೆ ಬಿಡುತ್ತದೆ. ಈ ಉಪಾಯ ರಾಬರ್ಟ್ ಹೋಪ್-ಜೋನ್ಸ್ ಅವರದು. ಇದೇ ತತ್ವದ ಯಂತ್ರ ಕಡಲ ತೀರದಲ್ಲಿ ಮಂಜು ಮುಸುಕಿದಾಗ ಹಡಗುಗಳಿಗೆ ಎಚ್ಚರಿಕೆ ಕೂಗಲು ಬಳಕೆಗೆ ಬಂತು.

ಕೊಳವೆಯ ಅಡಿ ಲೆಕ್ಕ ಹೀಗೆ. 8 ಅಡಿಯ ಷಡ್ಜ ಅಂದರೆ ಸೆಕೆಂಡಿಗೆ ಸುಮಾರು 65 ಕಂಪನ. ಉದ್ದ ಇಮ್ಮಡಿಯಾದರೆ ಕಂಪನ ಅರ್ಧ. 16 ಅಡಿಗೆ 33, 32 ಅಡಿಗೆ 16, 64 ಅಡಿಗೆ 8. ಸೆಕೆಂಡಿಗೆ 8 ಅಂದರೆ ಅದು ಕಿವಿಗೆ ಸ್ವರವಾಗಿ ಕೇಳುವುದಿಲ್ಲ, ಒಂದೊಂದೇ ಏಟಾಗಿ ತಿಳಿಯುತ್ತದೆ. ಕೇಳುವುದು ಅದರ ಮೇಲಿನ ಅಂಶಸ್ವರಗಳು, ಅಂದರೆ ಜೊತೆಗೇ ಹುಟ್ಟುವ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳು. ಕುರ್ಚಿ, ನೆಲ, ಎದೆಗೂಡು ಅದನ್ನು ಕಿವಿಗಿಂತ ಚೆನ್ನಾಗಿ ಹಿಡಿಯುತ್ತವೆ. ಕೈಯನ್ನು ಕುರ್ಚಿಯ ಬೆನ್ನಿನ ಮೇಲಿಟ್ಟು ನೋಡಿ.

ಕುಡ್ಲದ_ಕೊಳಲು
64 ಅಡಿ ಅಂತ ಹೆಸರೇ ಹೊರತು ಕೊಳವೆಯ ಅಳತೆ ಅಷ್ಟಿಲ್ಲ ಅಂತ ಒಬ್ಬರು ವಾದ ಮಾಡ್ತಿದ್ದರು. ಹೌದಾ?

ಮಂದ್ರಸ್ಥಾಯಿ
ಹೌದು. ಅತಿ ಕೆಳಗಿನ ಕೊಳವೆಯ ಅಳತೆ 59 ಅಡಿ ಚಿಲ್ಲರೆ, ತೂಕ 3,350 ಪೌಂಡ್, ಅಂದರೆ ಒಂದೂವರೆ ಟನ್ನು. ಅಡಿಯ ಸಂಖ್ಯೆ ಹೇಳುವುದು ಶ್ರುತಿಯನ್ನು, ಅಳತೆಪಟ್ಟಿಯನ್ನಲ್ಲ. ಇದು ಮೋಸ ಅಲ್ಲ.

ಮೋಸ ಅನ್ನುವುದಾದರೆ ಬೇರೊಂದು ದಾರಿ ಇದೆ, ಅದೂ ನ್ಯಾಯವಾದದ್ದೇ. 32 ಅಡಿ ಕೊಳವೆಯ ಜೊತೆ ಅದರ ಪಂಚಮವನ್ನು ಕೂಡಿಸಿ ನುಡಿಸಿದರೆ ಕಿವಿ ಕೆಳಗೊಂದು ಸ್ಥಾಯಿಯ ಷಡ್ಜವನ್ನು ತಾನೇ ಕಟ್ಟಿಕೊಳ್ಳುತ್ತದೆ. ವಾನಮೇಕರ್‌ನ 64 ಅಡಿ ಗ್ರಾವಿಸಿಮಾ ಈ ಬಗೆಯದು. ಜಾಗ, ಮರ, ಹಣ ಮೂರೂ ಉಳಿಯುತ್ತವೆ.

ಪೇಟಿ_ಧಾರವಾಡ
ತಂಬೂರಿ ಜೋಡಿ ಸರಿಯಾಗಿ ಕೂಡಿದಾಗ ತಂತಿ ಇಲ್ಲದ ಗಾಂಧಾರ ಕೇಳಸ್ತದಲ್ರಿ, ಅದರ ಸಂಬಂಧಿನ ಇದು.

ಮಂದ್ರಸ್ಥಾಯಿ
ಸಂಬಂಧಿ, ಆದರೆ ಒಂದೇ ಅಲ್ಲ. ತಂಬೂರಿಯ ಗಾಂಧಾರ ತಂತಿಯಲ್ಲೇ ನಿಜವಾಗಿ ಇರುವ ಅಂಶಸ್ವರ, ತಂತಿ ಕೂರುವ ಸೇತುವೆಯ ಜವಾರಿ ಅದನ್ನು ಎತ್ತಿ ತೋರಿಸುತ್ತದೆ. ಇಲ್ಲಿ ಕೆಳಗಿನ ಷಡ್ಜವನ್ನು ನುಡಿಸುವ ಕೊಳವೆಯೇ ಇಲ್ಲ.

ಎಡಿಸನ್_ನಂಜುಂಡ
ಮೂರನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಕೆಟ್ಟದ್ದು ಹೇಗೆ?

ತಿದಿ_ಮತ್ತು_ಗಾಳಿ
ಒಂದೇ ಕಾರಣ ಇಲ್ಲ. ಮೊದಲು ಹಿನ್ನೆಲೆ. ಆರ್ಗನ್ ಕಟ್ಟಿದ್ದು ಲಾಂಗ್ ಐಲ್ಯಾಂಡಿನ ಮೆರಿಕ್ ಊರಿನ ಮಿಡ್ಮರ್-ಲಾಶ್ ಕಂಪನಿ, 1929ರ ಮೇ ತಿಂಗಳಿಂದ 1932ರ ಡಿಸೆಂಬರ್‌ವರೆಗೆ. ವಿನ್ಯಾಸ ಎಮರ್ಸನ್ ರಿಚರ್ಡ್ಸ್ ಅವರದು, ನ್ಯೂಜೆರ್ಸಿ ರಾಜ್ಯದ ಸೆನೆಟರ್, ವಕೀಲರು. ಜಗತ್ತಿನ ಅರ್ಥವ್ಯವಸ್ಥೆ ಕುಸಿದ ವರ್ಷಗಳಲ್ಲೇ ಇದು ಎದ್ದು ನಿಂತಿತು ಅನ್ನುವುದನ್ನು ಮರೆಯಬಾರದು.

1944ರ ಸೆಪ್ಟೆಂಬರ್‌ನ ಚಂಡಮಾರುತದಲ್ಲಿ ಸಮುದ್ರದ ನೀರು ನೆಲಮಾಳಿಗೆಗೆ ನುಗ್ಗಿತು. ಸ್ಟಾಪ್‌ಗಳ ಜೋಡಣೆಯನ್ನು ನೆನಪಿಟ್ಟು ಗುಂಡಿ ಒತ್ತಿದ ಕೂಡಲೇ ಬದಲಿಸುವ ಕಾಂಬಿನೇಶನ್ ಯಂತ್ರ ಗಾಳಿ ಮತ್ತು ಚರ್ಮದಿಂದ ಕೆಲಸ ಮಾಡುವಂಥದ್ದು, ಅದು ಅಲ್ಲಿ ಹಾಳಾಯಿತು. ಸಾವಿರಕ್ಕೂ ಹೆಚ್ಚು ಸ್ಟಾಪ್ ಪಟ್ಟಿಗಳಿರುವ ವಾದ್ಯದಲ್ಲಿ ಅದಿಲ್ಲದೆ ನುಡಿಸುವುದೆಂದರೆ ಒಂದೊಂದನ್ನೂ ಕೈಯಲ್ಲೇ ಎಳೆಯಬೇಕು.

ಆಮೇಲೆ ಚರ್ಮ. ಕೀಲಿ ಒತ್ತಿದರೆ ಸಣ್ಣ ವಿದ್ಯುತ್ ಹರಿದು ಪುಟ್ಟ ಅಯಸ್ಕಾಂತ ಒಂದು ಬಿಲ್ಲೆಯನ್ನು ಎಳೆಯುತ್ತದೆ, ಅದರಿಂದ ಒಂದು ಸಣ್ಣ ಚರ್ಮದ ಚೀಲದ ಗಾಳಿ ಹೊರಹೋಗುತ್ತದೆ, ಚೀಲ ಕುಗ್ಗಿ ಕವಾಟ ತೆರೆಯುತ್ತದೆ, ಆಗ ಕೊಳವೆಗೆ ಗಾಳಿ. ವಿದ್ಯುತ್ ಬರೀ ಸನ್ನೆ ಮಾಡುತ್ತದೆ, ಬಲದ ಕೆಲಸವೆಲ್ಲ ಗಾಳಿಯದೇ. ಇಂಥ ಸಾವಿರಾರು ಚೀಲಗಳು. ಒಳ್ಳೆಯ ಚರ್ಮ ಐವತ್ತು ಅರವತ್ತು ವರ್ಷ ಬಾಳುತ್ತದೆ. ಕಡಲ ಉಪ್ಪುಗಾಳಿಯಲ್ಲಿ ಅಯಸ್ಕಾಂತದ ತಂತಿ, ಸಂಪರ್ಕದ ಹಿತ್ತಾಳೆ ಎಲ್ಲಕ್ಕೂ ಕಿಲುಬು.

ಕೊನೆಗೆ 1998ರಿಂದ 2001ರವರೆಗೆ ನಡೆದ ಹಾಲ್‌ನ ನವೀಕರಣ. ಕಟ್ಟಡ ಮತ್ತೆ ಚೆಂದವಾಯಿತು, ಆದರೆ ಆ ಕೆಲಸದಲ್ಲಿ ಆರ್ಗನ್ನಿನ ಗಾಳಿಕೊಳವೆ, ತಂತಿ ಕತ್ತರಿಸಿಹೋದವು, ಕೋಣೆಗಳಲ್ಲಿ ಧೂಳು ತುಂಬಿತು, ವಾದ್ಯ ಪೂರ್ತಿ ಮೂಕವಾಯಿತು. ಧೂಳು ಸಣ್ಣ ಸಮಸ್ಯೆ ಅಂದುಕೊಳ್ಳಬೇಡಿ. ಕವಾಟದ ಅಡಿಗೆ ಒಂದು ಗಾರೆ ಹರಳು ಸಿಕ್ಕಿಕೊಂಡರೆ ಆ ಸ್ವರ ನಿಲ್ಲದೆ ಕೂಗುತ್ತಲೇ ಇರುತ್ತದೆ.

ಕುತೂಹಲಿ_ಕೋಲಾರ
ಶ್ರುತಿಪೆಟ್ಟಿಗೆ ಆಫ್ ಆಗದ ಹಾಗೆ!

ತಿದಿ_ಮತ್ತು_ಗಾಳಿ
ಹಾಗೇ. ಅದಕ್ಕೆ ಸೈಫರ್ ಅನ್ನುತ್ತಾರೆ. ತದ್ವಿರುದ್ಧ ರೋಗ ಮೂಕ ಸ್ವರ: ಚೀಲ ಹರಿದಿದೆ, ಅಯಸ್ಕಾಂತದ ಸುರುಳಿ ಸುಟ್ಟಿದೆ, ಇಲ್ಲವೇ ತಂತಿ ಬಿಟ್ಟಿದೆ. ಪತ್ತೆ ಮಾಡುವ ಕ್ರಮ ಇದು. ಅದೇ ಕೀಲಿಯಲ್ಲಿ ಬೇರೆ ಸ್ಟಾಪ್ ನುಡಿಯುತ್ತದಾ? ನುಡಿದರೆ ಕೀಲಿ ಸರಿ ಇದೆ. ಅದೇ ಸ್ಟಾಪಿನ ಪಕ್ಕದ ಸ್ವರ ನುಡಿಯುತ್ತದಾ? ನುಡಿದರೆ ಗಾಳಿ ಸರಿ ಇದೆ. ಆಮೇಲೆ ಕೋಣೆಗೆ ಹೋಗಿ ಅಯಸ್ಕಾಂತಕ್ಕೆ ಕಿವಿ ಕೊಡಬೇಕು. ಟಿಕ್ ಅಂದರೆ ವಿದ್ಯುತ್ ಬರುತ್ತಿದೆ, ದೋಷ ಚರ್ಮದಲ್ಲಿ. ಟಿಕ್ ಅನ್ನದಿದ್ದರೆ ತಂತಿ ಹಿಡಿದು ಹಿಂದಕ್ಕೆ ಹೋಗಬೇಕು. ದೊಡ್ಡ ಸ್ವರಮೇಳ ಹಿಡಿದಾಗ ಶ್ರುತಿ ಕುಸಿದರೆ ಅದು ಕೊಳವೆಯ ತಪ್ಪಲ್ಲ, ರೆಗ್ಯುಲೇಟರಿನ ಮೂಲೆಯ ಚರ್ಮ ಸೋರುತ್ತಿದೆ, ಗಾಳಿ ಸಾಲುತ್ತಿಲ್ಲ.

ಪೇಟಿ_ಧಾರವಾಡ
ಒಂದು ಮಾತು ಕೇಳ್ತೇನ್ರಿ. ದುರಸ್ತಿ ಮಾಡುವಾಗ ಹಳೆ ಗಾಳಿಯಂತ್ರ ತಗದು ಎಲೆಕ್ಟ್ರಾನಿಕ್ ಕಾರ್ಡ್ ಹಾಕಿದ್ರ ಅದು ಐತಿಹಾಸಿಕ ವಾದ್ಯ ಹೆಂಗ ಆಗ್ತದ? ನನಗ ಇದು ಒಪ್ಪಿಗಿ ಇಲ್ಲ. ತಿದಿ, ಚರ್ಮ, ಕವಾಟ ಇದ್ದಂಗ ಉಳೀಬೇಕು.

ಫಿಲ್ಲಿ_ಕನ್ನಡತಿ
ಚರ್ಮ, ಕವಾಟ ಉಳಿಯಬೇಕು ಅನ್ನುವುದರಲ್ಲಿ ತಕರಾರಿಲ್ಲ, ಸದ್ದು ಶುರುವಾಗುವ ರೀತಿ ಅವುಗಳಿಂದಲೇ. ಆದರೆ ಸನ್ನೆ ಸಾಗಿಸುವ ಭಾಗದಿಂದ ದನಿಯ ಗುಣ ಬದಲಾಗುವುದಿಲ್ಲ. 1944ರಲ್ಲೇ ಉಪ್ಪುನೀರಲ್ಲಿ ಮುಳುಗಿದ ಯಂತ್ರವನ್ನು ಮೂಲದಂತೆ ಮತ್ತೆ ಕಟ್ಟಿ, ಅದೇ ನೆಲಮಾಳಿಗೆಯಲ್ಲಿ ಇಟ್ಟರೆ ಮುಂದಿನ ಚಂಡಮಾರುತಕ್ಕೆ ಮತ್ತೆ ಅದೇ ಕತೆ.

ಪೇಟಿ_ಧಾರವಾಡ
ನೆಲಮಾಳಿಗಿ ಬ್ಯಾಡ, ಮ್ಯಾಲ ಕಟ್ಟಲಿ. ಯಂತ್ರ ಅಂದ್ರ ಬರೀ ದನಿ ಅಲ್ರಿ, ಅದನ್ನ ಮಾಡಿದವರ ಕೈಗೆಲಸನೂ ಅದರಾಗ ಅದ. ನೋಡಾಕ ಬಂದವ್ರಿಗೆ ಪ್ಲಾಸ್ಟಿಕ್ ಡಬ್ಬಿ ತೋರಿಸಿದ್ರ ಏನು ತಿಳೀತದ?

ತಿದಿ_ಮತ್ತು_ಗಾಳಿ
ನಾನು ಇಬ್ಬರ ನಡುವೆ ನಿಲ್ಲುತ್ತೇನೆ. ಕೊಳವೆ, ಗಾಳಿಪೆಟ್ಟಿಗೆ, ಚರ್ಮ, ರೆಗ್ಯುಲೇಟರ್ ಮೂಲ ಸಾಮಗ್ರಿಯಲ್ಲೇ ದುರಸ್ತಿಯಾಗಬೇಕು. ಸ್ವಿಚ್ಚಿನ ಭಾಗ ಹೊಸದಾಗಿರಲಿ. ಹಳೆಯದನ್ನು ಬಿಸಾಡದೆ ಪಕ್ಕದಲ್ಲೇ ಇಟ್ಟು ತೋರಿಸಲಿ. ಚರ್ಮ ಹೊದಿಸುವುದು ಮಾತ್ರ ಇವತ್ತಿಗೂ ಕೈಗೆಲಸ. ಹಳೆಯ ಅಂಟನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿ, ಮರ ಒಣಗಿಸಿ, ಅದೇ ದಪ್ಪದ ಚರ್ಮ ಕತ್ತರಿಸಿ, ಬಿಸಿ ವಜ್ರದಲ್ಲಿ, ಅಂದರೆ ಮರಗೆಲಸದ ಅಂಟಿನಲ್ಲಿ, ಅಂಟಿಸುತ್ತಾರೆ. ಪ್ರಾಣಿಜನ್ಯ ಅಂಟನ್ನೇ ಬಳಸುವುದು ಇನ್ನೈವತ್ತು ವರ್ಷಕ್ಕೆ ಬರುವವರು ಮರ ಕೆಡಿಸದೆ ಮತ್ತೆ ಬಿಡಿಸಲಿ ಅಂತ. ಬಡಗಿಗಳಿಗೆ ವಜ್ರ ಅಂದರೆ ಗೊತ್ತಿರುತ್ತದೆ.

ದಂಡು_ಪ್ರದೇಶ
ವಿಷಯಕ್ಕೆ ಸ್ವಲ್ಪ ಹೊರಗೆ: ಬೆಂಗಳೂರಿನಲ್ಲೇ ಇರುವವರಿಗೆ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಪೈಪ್ ಆರ್ಗನ್ ಇದೆ. ಗಾತ್ರದಲ್ಲಿ ಇದರ ಹತ್ತಿರಕ್ಕೂ ಬರುವುದಿಲ್ಲ, ಆದರೆ ಕೊಳವೆಯ ದನಿ ಮತ್ತು ಸ್ಪೀಕರಿನ ದನಿಗೆ ಏನು ವ್ಯತ್ಯಾಸ ಅಂತ ತಿಳಿಯಲು ಅಷ್ಟು ಸಾಕು.

ಕುಡ್ಲದ_ಕೊಳಲು
ಇಷ್ಟು ದೊಡ್ಡ ವಾದ್ಯದಲ್ಲಿ ನಮ್ಮ ರಾಗ ನುಡಿಸಬಹುದಾ?

ಪೇಟಿ_ಧಾರವಾಡ
ಸ್ವರ ಬರ್ತಾವ, ಮೀಂಡ್, ಅಂದ್ರ ಸ್ವರದಿಂದ ಸ್ವರಕ್ಕ ಜಾರೂದು, ಬರೂದಿಲ್ಲ. ಹಾರ್ಮೋನಿಯಂಗೂ ಇದೇ ತಕರಾರು, ಅದಕ್ಕ 1940ರಾಗ ಆಕಾಶವಾಣಿ ಪೇಟಿಗೆ ನಿಷೇಧ ಹಾಕಿತ್ತು. ಆ ನಿಷೇಧ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಅದನ್ನ ಚರ್ಚಿಸಬೇಕಂದ್ರ...

ಸಾಲುಲೆಕ್ಕ
ಸರ್, ಅದಕ್ಕೆ ಬೇರೆ ಚರ್ಚೆ ತೆರೆಯೋಣ. ಇಲ್ಲಿ ಶುರುವಾದರೆ ನಂಜುಂಡ ಅವರು ಜುಲೈ ಮುಗಿದರೂ ಹೊರಡುವುದಿಲ್ಲ.

ಮಂದ್ರಸ್ಥಾಯಿ
ಶ್ರುತಿಯ ಮಾತು ಬಂದದ್ದಕ್ಕೆ ಒಂದು ಉಪಯೋಗದ ವಿಷಯ. ಜುಲೈನಲ್ಲಿ ಹೋದರೆ ಸ್ವಲ್ಪ ಅಪಸ್ವರ ಕೇಳಿಸಬಹುದು, ನುಡಿಸುವವರನ್ನು ದೂರಬೇಡಿ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸೀಟಿ ಜಾತಿಯ ಕೊಳವೆಯ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಅರ್ಧಸ್ವರಕ್ಕೆ 100 ಸೆಂಟ್. ಬಿಸಿ ಗಾಳಿ ಮೇಲಕ್ಕೇರುವುದರಿಂದ ಛಾವಣಿಯ ಕೋಣೆ ಕೆಳಗಿನದಕ್ಕಿಂತ 10 ಡಿಗ್ರಿ ಬಿಸಿಯಿದ್ದರೆ ಎರಡರ ನಡುವೆ ಅರ್ಧಸ್ವರದ ಮೂರನೇ ಒಂದು ಭಾಗ ಅಂತರ ಬೀಳುತ್ತದೆ. ನಾಲಗೆಯ ಕೊಳವೆಗಳು ಬಿಸಿಗೆ ಅಷ್ಟು ಕದಲುವುದಿಲ್ಲ, ಆದ್ದರಿಂದ ಒಂದೇ ಕೋಣೆಯೊಳಗೂ ಎರಡು ಜಾತಿಗಳ ನಡುವೆ ಬಿರುಕು.

ಶ್ರುತಿ ಮಾಡಲು ಇಬ್ಬರು ಬೇಕು. ಒಬ್ಬರು ಕನ್ಸೋಲಿನಲ್ಲಿ ಕೀಲಿ ಹಿಡಿಯುತ್ತಾರೆ, ಇನ್ನೊಬ್ಬರು ಕೋಣೆಯಲ್ಲಿ. ಸೀಟಿ ಕೊಳವೆಯ ತುದಿಯಲ್ಲಿ ಸರಿಯುವ ತಗಡಿನ ಬಳೆ ಇರುತ್ತದೆ, ಮೇಲೆಳೆದರೆ ಕೊಳವೆ ಉದ್ದವಾಗಿ ಶ್ರುತಿ ಇಳಿಯುತ್ತದೆ. ನಾಲಗೆಯ ಕೊಳವೆಗೆ ನಾಲಗೆಯನ್ನು ಒತ್ತಿ ಹಿಡಿದ ಬಾಗಿದ ತಂತಿ, ಅದನ್ನು ತಟ್ಟಿ ತಟ್ಟಿ ಸರಿಸಬೇಕು. ಕೈಯಿಂದ ಕೊಳವೆ ಮುಟ್ಟಬಾರದು, ಕೈಯ ಬಿಸಿಗೇ ಶ್ರುತಿ ಓಡುತ್ತದೆ. ಪ್ರವಾಸದಲ್ಲಿ ನೀವೂ ಮುಟ್ಟಬೇಡಿ. ತವರ-ಸೀಸದ ಮಿಶ್ರಲೋಹ ಮೆತ್ತಗೆ, ಉಗುರು ತಾಗಿದರೂ ಗೆರೆ ಬೀಳುತ್ತದೆ.

ಎಡಿಸನ್_ನಂಜುಂಡ
ಕೂರುವುದು ಎಲ್ಲಿ? ಮುಂದಿನ ಸಾಲೋ, ಹಿಂದೋ?

ಮಂದ್ರಸ್ಥಾಯಿ
ಜಾಲರಿಯ ಪಕ್ಕಕ್ಕೆ ಹೋಗಬೇಡಿ, ಒಂದೇ ಕೋಣೆ ಕೇಳುತ್ತದೆ. ನೆಲದ ನಡುಭಾಗದಲ್ಲಿ, ಎಡ-ಬಲ ಕೋಣೆಗಳಿಗೆ ಸರಿಸಮ ದೂರದಲ್ಲಿ ಕೂರಿ. ಛಾವಣಿ 137 ಅಡಿ ಎತ್ತರ. ಸದ್ದು ಮೇಲೆ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡು ಹಿಡಿಯುತ್ತದೆ. ನುಡಿಸುವವರಿಗೂ ಇದೇ ಕಷ್ಟ. ಬೆರಳು ಮುಂದೆ, ದೂರದ ಕೋಣೆಯ ಸದ್ದು ಹಿಂದೆ. ಕಿವಿ ನಂಬಿ ತಾಳ ಹಿಡಿದರೆ ಲಯ ಎಳೆಯುತ್ತ ಹೋಗುತ್ತದೆ, ಬೆರಳನ್ನೇ ನಂಬಬೇಕು. ವೇಗದ ಕೃತಿಯಲ್ಲಿ ಕಲಾವಿದರ ಕೈಯನ್ನೂ ಬರುವ ಸದ್ದನ್ನೂ ಒಟ್ಟಿಗೆ ಗಮನಿಸಿ, ಅಂತರ ಕಣ್ಣಿಗೆ ಕಾಣುತ್ತದೆ.

ಸಾಲುಲೆಕ್ಕ
ಅದೇ ಕಟ್ಟಡದ ಬಾಲ್‌ರೂಮಿನಲ್ಲಿ ಇನ್ನೊಂದು ಆರ್ಗನ್ ಇದೆ, ಕಿಂಬಲ್ ಕಂಪನಿಯದು, 55 ಸಾಲು. ಬೇರೆಲ್ಲಿದ್ದರೂ ಅದೇ ಊರಿನ ಹೆಮ್ಮೆಯಾಗುತ್ತಿತ್ತು, ಇಲ್ಲಿ ದೊಡ್ಡಣ್ಣನ ನೆರಳಲ್ಲಿ ಮರೆಯಾಗಿದೆ. ಅದನ್ನೂ ತೋರಿಸಿ ಅಂತ ಕೇಳಿ.

ಫಿಲ್ಲಿ_ಕನ್ನಡತಿ
ವಾನಮೇಕರ್ ತೆರೆದಿದ್ದರೆ ಮಾತ್ರ ಬಿಡಬೇಡಿ. ಎರಡೂ ನೋಡಿದರೆ ಎರಡು ಬಗೆಯ ಯೋಚನೆ ಕಾಣುತ್ತದೆ. ವಾನಮೇಕರ್ ಆರ್ಗನ್ ಮೊದಲು 1904ರ ಸೇಂಟ್ ಲೂಯಿಸ್ ವಿಶ್ವಮೇಳಕ್ಕೆ ಕಟ್ಟಿದ್ದು, ವಿನ್ಯಾಸ ಜಾರ್ಜ್ ಆಡ್ಸ್‌ಲಿ ಅವರದು, ಆಗ ಹತ್ತು ಸಾವಿರ ಚಿಲ್ಲರೆ ಕೊಳವೆ. ಜಾನ್ ವಾನಮೇಕರ್ 1909ರಲ್ಲಿ ಕೊಂಡು, 13 ಗೂಡ್ಸ್ ಡಬ್ಬಿಗಳಲ್ಲಿ ತರಿಸಿದರು. 1911ರ ಜೂನ್ 22ರಂದು ಮೊದಲ ಬಾರಿ ಅಂಗಡಿಯಲ್ಲಿ ನುಡಿಯಿತು. ಏಳು ಅಂತಸ್ತಿನ ಅಂಗಳಕ್ಕೆ ಅಷ್ಟು ಸದ್ದು ಸಾಲಲಿಲ್ಲ. ಅಂಗಡಿಯ 12ನೇ ಮಹಡಿಯಲ್ಲೇ ಆರ್ಗನ್ ಕಾರ್ಖಾನೆ ತೆರೆದು 1917ರೊಳಗೆ 8,000, ಮತ್ತೆ 1924ರಿಂದ 1930ರವರೆಗೆ ಇನ್ನೂ 10,000 ಕೊಳವೆ ಸೇರಿಸಿದರು. ಬ್ಲೋವರುಗಳು ಒಟ್ಟು 173 ಅಶ್ವಶಕ್ತಿ.

ಅಲ್ಲಿ ಕೇಳಬೇಕಾದದ್ದು ಸ್ಟ್ರಿಂಗ್ ವಿಭಾಗ. ಪಿಟೀಲಿನ ಗುಂಪಿನಂಥ ದನಿಗೆಂದೇ 88 ಸಾಲು ಕೊಳವೆ, ಕೋಣೆ 67 ಅಡಿ ಉದ್ದ. ಒಂದು ಸಾಲನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಏರಿಸಿ ಶ್ರುತಿ ಮಾಡುತ್ತಾರೆ, ಆ ಅಂತರದಿಂದಲೇ ದನಿ ಅಲೆಅಲೆಯಾಗುತ್ತದೆ. ಮೊದಲ ಸಲ ಕೇಳಿದವರು ಶ್ರುತಿ ಕೆಟ್ಟಿದೆ ಅಂತಾರೆ. ಕೆಟ್ಟಿಲ್ಲ. ಎದುರಿಗೆ ಕಾಣುವ ಚಿನ್ನದ ಬಣ್ಣದ ಕೊಳವೆಗಳು ಅಲಂಕಾರಕ್ಕೆ, ನುಡಿಯುವುದು ಅವುಗಳ ಹಿಂದಿರುವವು.

ಮೋಟಾರ್_ವೈಂಡರ್
ದಾರಿಯ ವಿಷಯ. ಎಡಿಸನ್‌ನಿಂದ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು 38ನೇ ಎಕ್ಸಿಟ್‌ನಲ್ಲಿ ಅಟ್ಲಾಂಟಿಕ್ ಸಿಟಿ ಎಕ್ಸ್‌ಪ್ರೆಸ್‌ವೇಗೆ ತಿರುಗಿ. ಮ್ಯಾಪಿನಲ್ಲಿ "ಕನ್ವೆನ್ಷನ್ ಸೆಂಟರ್" ಅಂತ ಹಾಕಬೇಡಿ, ಅದು ರೈಲು ನಿಲ್ದಾಣದ ಪಕ್ಕದ ಹೊಸ ಕಟ್ಟಡ. ಆರ್ಗನ್ ಇರುವುದು ಕಡಲ ಬದಿಯ ಬೋರ್ಡ್‌ವಾಕ್ ಹಾಲ್, ಈಗಿನ ಪೂರ್ತಿ ಹೆಸರು ಜಿಮ್ ವೀಲನ್ ಬೋರ್ಡ್‌ವಾಕ್ ಹಾಲ್. ಹಳೆಯ ಪುಸ್ತಕಗಳಲ್ಲಿ ಇದನ್ನೇ ಕನ್ವೆನ್ಷನ್ ಹಾಲ್ ಅಂತ ಬರೆದಿರುವುದರಿಂದ ಗೊಂದಲ.

ಎಡಿಸನ್_ನಂಜುಂಡ
ಎಲ್ಲರಿಗೂ ತುಂಬಾ ಧನ್ಯವಾದ. ಗುಂಪಿನಲ್ಲಿ 70 ದಾಟಿದ ಚಿಕ್ಕಪ್ಪ ಇದ್ದಾರೆ, ಮಂಡಿ ನೋವು. ಕೋಣೆಗಳಿಗೆ ಹತ್ತಲು ಆಗುತ್ತದಾ?

ತಿದಿ_ಮತ್ತು_ಗಾಳಿ
ಆರ್ಗನ್ ಕೋಣೆಯೊಳಗೆ ಓಡಾಟ ಅಂದರೆ ಕಡಿದಾದ ಏಣಿ, ಒಬ್ಬರೇ ಹಿಡಿಸುವ ಹಲಗೆದಾರಿ, ತಲೆ ತಾಗುವ ಗಾಳಿಕೊಳವೆ. ಚಿಕ್ಕಪ್ಪನವರಿಗೆ ಕನ್ಸೋಲ್, ಕಾರ್ಯಾಗಾರ ಸಾಕು ಅನ್ನಿಸುತ್ತದೆ. ಹೊರಡುವ ಮೊದಲೇ ಅವರ ವಿಷಯ ತಿಳಿಸಿದರೆ ಯಾವ ಭಾಗಕ್ಕೆ ಲಿಫ್ಟ್ ಇದೆ ಅಂತ ಹೇಳುತ್ತಾರೆ. ಮಿಕ್ಕವರು ಚಪ್ಪಲಿ ಬೇಡ, ಬೂಟು ಹಾಕಿ. ಸೀರೆ, ದುಪಟ್ಟ, ಹೆಗಲಿಗೆ ನೇತಾಡುವ ಚೀಲ ಬೇಡ, ಸಣ್ಣ ಕೊಳವೆಗಳ ತುದಿಗೆ ಸಿಕ್ಕಿಕೊಳ್ಳುತ್ತವೆ. ಬಲ ವೇದಿಕೆ ಕೋಣೆಗೆ ಬಿಟ್ಟರೆ ಡಯಾಫೋನ್ ಯಾವುದು ಅಂತ ಕೇಳಿ, ಬುಡದ ಪೆಟ್ಟಿಗೆಯ ಹತ್ತಿರ ನಿಂತು ನೋಡಿ.

ಪೇಟಿ_ಧಾರವಾಡ
ಹೋಗಿ ಬಂದ ಮ್ಯಾಲ ರೆಗ್ಯುಲೇಟರಿನ ಮೂಲಿ ಚರ್ಮ ಎಷ್ಟು ಪದರ ಹಾಕ್ಯಾರ ಅಂತ ಬರೀರಿ. ಫೋಟೋ ಇದ್ರ ಇನ್ನೂ ಛಲೋ.